ತುಟಿಗೆ ಅಂಟೋ ಕಡೆ

ಏನ್ರೀ, ಮೊದ್ಲು ಟೋಪಿ ತೆಗೀರಿ. ಹಿಂದೆ ಕೂತೋರಿಗೆ ಪರದೆ ಕಾಣಲ್ಲ. ಹಾಂ, ಈಗ ಸರಿ.

ನಾನು ಕೂಕಾ ಅರ್ರಿಯಾಗ. ವಯಸ್ಸು ಹತ್ತೊಂಬತ್ತು. ಎತ್ತರ ಐದಡಿ ಇಲ್ಲ, ಬಾಯಿ ಮಾತ್ರ ಹತ್ತಡಿ. ಹಾಲಿವುಡ್ ಅಂತ ಕೇಳಿದ್ದೀರಲ್ಲ, ಆ ಊರನ್ನ ಒಂದು ಶನಿವಾರ ಅಲ್ಲಾಡ್ಸಿಬಿಟ್ಟವಳು ನಾನೇ. ಹೀರೋ ಅಲ್ಲ, ಹೀರೋ ಕುದುರೇನೂ ಅಲ್ಲ, ನಾನು. ಯಾವ ಹೆಸರು ಪರದೆ ಮೇಲೆ ಬರಲೇಬಾರ್ದು ಅಂತ ಡೈರೆಕ್ಟರ್ ಹಟ ಹಿಡಿದಿದ್ನೋ, ಅದೇ ಹೆಸರನ್ನ ಎಂಟುನೂರು ಜನರ ಮುಂದೆ, ಅವನ ಮೂಗಿನ ಎದುರಿಗೇ, ಇಪ್ಪತ್ತಡಿ ಅಗಲ ಹೊಳೆಸಿದೆ. ಇದಕ್ಕೊಂದು ಕಾರ್ಡು ಹಾಕೋದಾದ್ರೆ ಹೀಗೆ: "ಅಬಲೆಯೆಂದು ಬಗೆದಿರಾ? ಇಗೋ, ಕಾಣಿರಿ ಕೂಕಾಳ ಪರಾಕ್ರಮ!"

ಸಿನಿಮಾದಲ್ಲಿ ಯಾರೂ ಮಾತಾಡಲ್ಲವಲ್ಲ. ತುಟಿ ಆಡಿಸ್ತಾರೆ, ಆಮೇಲೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರದ ಕಾರ್ಡು ಬರುತ್ತೆ. ದಿನಾ ಆ ಕಾರ್ಡುಗಳನ್ನ ಅಂಟಿಸೋದೇ ನನ್ನ ಕೆಲಸ. ಅದಕ್ಕೇ ಬಾಯಿ ಬಿಟ್ರೆ ಕಾರ್ಡೇ ಬರುತ್ತೆ. ಅಮ್ಮ ಬೀನ್ಸ್ ಬಡಿಸಿದ್ರೆ "ಅಯ್ಯೋ ವಿಧಿಯೇ, ಮತ್ತೆ ನೀನೇನಾ!" ಅಂತೀನಿ. ಸೌಟಲ್ಲೇ ಏಟು ಬೀಳುತ್ತೆ.

ನಾವು ಕೂರೋ ಜಾಗ ಹೇಳ್ತೀನಿ ಕೇಳಿ. ಸ್ಟುಡಿಯೋ ಹಿಂದೆ, ಕುದುರೆ ಲಾಯದ ಪಕ್ಕ, ತಗಡು ಹೊದ್ದ ಒಂದು ಉದ್ದ ರೂಮು. ಒಂದೇ ಬಾಗಿಲು. ಕಿಟಕಿಗೆ ಕಂಬಿ. ಆರು ಜನ ಹೆಂಗಸರು. ಬೆಳಿಗ್ಗೆ ಎಂಟಕ್ಕೆ ಕೂತ್ರೆ ಸಂಜೆ ಏಳು. ಎದುರಿಗೆ ಹಾಲಿನ ಬಣ್ಣದ ಗಾಜು, ಅದರ ಕೆಳಗೆ ದೀಪ. ಫಿಲ್ಮು ಎಳೀತೀವಿ, ಕತ್ತರಿಸ್ತೀವಿ, ಬ್ಲೇಡಲ್ಲಿ ಕೆರೀತೀವಿ, ಅಂಟು ಹಚ್ತೀವಿ, ಒತ್ತಿ ಹಿಡೀತೀವಿ. ಮತ್ತೆ ಎಳೀತೀವಿ. ಅಂಟಿನ ವಾಸನೆ ತಲೆಗೇರುತ್ತೆ. ಬೆರಳ ತುದಿ ಸೀಳುತ್ತೆ. ಸೀಳಿದ ಜಾಗಕ್ಕೆ ಅಂಟು ಇಳಿಯುತ್ತೆ. ಕೂಗಿದ್ರೆ ಕೈ ಅಲ್ಲಾಡುತ್ತೆ, ಅದಕ್ಕೆ ಕೂಗಲ್ಲ. ಒಂದಕ್ಕೆ ಹೋಗ್ಬೇಕು ಅಂದ್ರೆ ಅಂಗಳ ದಾಟಬೇಕು. ಅಲ್ಲಿ ಕುದುರೆ ಸವಾರರು ಶಿಳ್ಳೆ ಹಾಕ್ತಾರೆ. ಅದಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ.

ಫಿಲ್ಮಿಗೆ ಎರಡು ಕಡೆ. ಒಂದು ಬರೀ ನುಣುಪು. ಇನ್ನೊಂದು ಲೇಪ ಬಳಿದ ಕಡೆ, ಚಿತ್ರ ಇರೋದು ಅದರಲ್ಲಿ. ಕಣ್ಣಿಗೆ ಎರಡೂ ಒಂದೇ ಥರ. ಹಾಗಾಗಿ ತುದೀನ ತುಟಿ ಮಧ್ಯ ಇಟ್ಟು ನೋಡ್ತೀವಿ. ಯಾವ ಕಡೆ ತುಟಿಗೆ ಅಂಟುತ್ತೋ ಅದು ಲೇಪ. ದಿನಕ್ಕೆ ಐನೂರು ಸಲ. ಸಂಜೆಗೆ ತುಟಿ ಸುಲಿದಿರುತ್ತೆ. ಲೇಪದ ಮೇಲೆ ಅಂಟು ಹಿಡಿಯಲ್ಲ, ಅಷ್ಟು ಜಾಗ ಕೆರೆದು ತೆಗೀಬೇಕು. ಕಡೆ ತಪ್ಪಿ ಅಂಟಿಸಿದ್ರೆ ಮೆಷಿನ್ನಲ್ಲಿ ಪಟ್ ಅಂತ ಬಿಟ್ಕೊಳ್ಳುತ್ತೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟೋರು ಮಿಸ್ ಆಲ್ಮಾ ಬ್ರೆಕ್ಕೆ.

ಮಿನೆಸೋಟ ಕಡೆ ನಾರ್ವೆ ಜನ ಅವರು. ಉದ್ದಕ್ಕೆ, ಒಣಗಿದ ಹಾಗೆ, ನಲವತ್ತು ದಾಟಿದ ಹೆಂಗಸು. ನಾವೆಲ್ಲ ಬರೀ ಅಂಟಿಸೋರು. ಎಲ್ಲಿ ಕತ್ತರಿಸ್ಬೇಕು, ಯಾವುದರ ಹಿಂದೆ ಯಾವುದು ಬರ್ಬೇಕು ಅಂತ ತೀರ್ಮಾನ ಮಾಡೋದು ಅವರೊಬ್ರೇ. ಹನ್ನೊಂದು ವರ್ಷದಲ್ಲಿ ಅರವತ್ತಮೂರು ಸಿನಿಮಾ. ಒಂದರಲ್ಲೂ ಹೆಸರಿಲ್ಲ.

ನಾನು ಸೇರಿದ ದಿನ ಆಫೀಸಿನವನು ಹೇಳಿದ್ದ, "ಯಾರಾದ್ರೂ ಕೇಳಿದ್ರೆ ಸ್ಪ್ಯಾನಿಷ್ ಅನ್ನು. ಮೆಕ್ಸಿಕನ್ ಅನ್ಬೇಡ." ಮಧ್ಯಾಹ್ನ ನಾನು ಊಟದ ಡಬ್ಬಿ ತಗೊಂಡು ಬಾಗಿಲ ಹೊರಗೆ ಕೂತೆ. ಮಿಸ್ ಬ್ರೆಕ್ಕೆ ಬಂದು ಪಕ್ಕದಲ್ಲಿ ಕೂತ್ರು.

"ಏನದು?"

"ಟೋರ್ಟಿಯಾ, ಮೆಕ್ಕೆಜೋಳದ ರೊಟ್ಟಿ. ಬೀನ್ಸು. ನಮ್ಮಮ್ಮನ ಕೆಂಪು ಖಾರ."

"ಅರ್ಧ ಕೊಡು."

ಕೊಟ್ಟೆ. ತಿಂದ್ರು. ಕಣ್ಣಲ್ಲಿ ಧಾರಾಕಾರ ನೀರು. "ಇದು ಊಟಾನಾ ಹುಡುಗಿ, ಶಿಕ್ಷೇನಾ?" ಅಂದ್ರು. ಒಳಗೆ ಹೋಗಿ ಫಿಲ್ಮು ತುಟಿಗಿಟ್ರೆ ಏನೂ ತಿಳೀತಿಲ್ಲ. ತುಟಿ ಸತ್ತು ಹೋಗಿದೆ. ಎರಡು ಗಂಟೆ ಕೈ ಕಟ್ಟಿ ಕೂತ್ರು. ಪಕ್ಕದ ಮೇಜಿನ ಮಿಸೆಸ್ ಡೂಲಿ, ಐರಿಷ್ ವಿಧವೆ, ನಾಲಿಗೆ ಅಂದ್ರೆ ಬ್ಲೇಡು, "ಹತ್ತು ವರ್ಷದಲ್ಲಿ ಇವಳಿಗೆ ಸಿಕ್ಕಿದ ಮೊದಲ ರಜಾ ಕಣ್ರೇ ಇದು" ಅಂದ್ಲು. ಅವತ್ತಿಂದ ರೂಮಿಗೆ ಒಂದು ಕಾನೂನು ಬಂತು. ಕೆಲಸ ಮುಗಿಯೋವರೆಗೆ ಕೂಕಾ ಮನೆ ಖಾರ ಯಾರೂ ಮುಟ್ಬಾರ್ದು. ಕೂಕಾನೂ.

ತರಲೆ ನಾನು ಮೊದಲಿಂದಲೂ ಮಾಡ್ತಿದ್ದೆ. ಒಂದ್ಸಲ ಹೀರೋ ಮುತ್ತು ಕೊಡೋ ಕಡೆ ಕುದುರೆ ಮುಖ ಅಂಟಿಸಿದ್ದೆ. ಸ್ಟುಡಿಯೋ ಒಳಗೇ ಹಾಕಿ ನೋಡುವಾಗ ಡೈರೆಕ್ಟರ್ ಗ್ಯಾಂಟ್ ಹೊಟ್ಟೆ ಹಿಡ್ಕೊಂಡು ನಕ್ಕ. "ಯಾರದು? ನಮ್ಮ ಮೆಕ್ಸಿಕನ್ ಕೋತೀನಾ?" ಅಂದ. ಎಲ್ರೂ ನಕ್ರು. ನಾನೂ ಹಲ್ಲು ಕಿರಿದೆ. ನಗಿಸೋರನ್ನ ಕೆಲಸದಿಂದ ತೆಗೆಯಲ್ಲ. ಅದು ನನಗೆ ಅವತ್ತೇ ಗೊತ್ತಾಯ್ತು.

ಈಗ ಕಥೆಗೆ ಬರ್ತೀನಿ.

ಸಾವಿರದ ಒಂಬೈನೂರ ಹದಿನೆಂಟನೇ ಇಸವಿ, ಮಹಾಯುದ್ಧ ನಡೀತಿತ್ತು. ಗ್ಯಾಂಟ್ "ಕಣಿವೆಯ ವಿಧವೆ" ಅಂತ ಒಂದು ಸಿನಿಮಾ ತೆಗೆದ. ವಿಧವೆ ಬಾಗಿಲು ತೆಗೆಯೋದನ್ನೇ ಹನ್ನೊಂದು ಸಲ ತೆಗೆದಿದ್ದ. ಕಥೆಗೆ ಕೊನೆಯೇ ಇಲ್ಲ. ಗಂಡನ್ನ ಹೂಳ್ತಾಳೆ, ಆಮೇಲೆ ಎದೆ ಬಡ್ಕೊಂಡು ಅಳ್ತಾಳೆ, ನೋಡಿದ್ರೆ ನಗು ಬರುತ್ತೆ. ಗ್ಯಾಂಟ್ ಫಿಲ್ಮು ಡಬ್ಬಿಗಳನ್ನ ತಂದು ಮೇಜಿನ ಮೇಲೆ ಎಸೆದು, "ಏನಾದ್ರೂ ಮಾಡಿ ಇದನ್ನ" ಅಂದು ಹೋದ.

ಆರು ವಾರ. ಮಿಸ್ ಬ್ರೆಕ್ಕೆ ಬೆನ್ನು ನೆಟ್ಟಗೆ ಮಾಡಿದ್ದು ನಾನು ನೋಡಿಲ್ಲ. ಫಿಲ್ಮನ್ನ ಎರಡು ಬೆರಳ ಮಧ್ಯ ಎಳೀತಾ, ಉಸಿರಲ್ಲೇ ಲೆಕ್ಕ ಹಾಕ್ತಾ ಕೂರೋರು. ಒಂದಿನ ಬೇಡದ್ದು ಬಿಸಾಕೋ ಬುಟ್ಟಿಗೆ ಕೈ ಹಾಕಿ ಒಂದು ತುಂಡು ಎತ್ತಿದ್ರು. ಶೂಟಿಂಗ್ ಮುಗಿದ ಮೇಲೂ ಕ್ಯಾಮೆರಾ ನಿಲ್ಸೋದು ಮರೆತಿದ್ರು. ನಟಿಗೆ ಅದು ಗೊತ್ತಿಲ್ಲ. ಸುಸ್ತಾಗಿ ಕಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ, ಒಳಗಿದ್ದ ಮುಳ್ಳನ್ನ ಕಿತ್ತು, ಅದನ್ನೇ ಸುಮ್ನೆ ನೋಡ್ತಾ ಇದ್ದಾಳೆ. ಅಷ್ಟೇ.

ಗಂಡನ್ನ ಹೂಳೋ ದೃಶ್ಯ ಮುಗಿದ ಕೂಡ್ಲೇ ಅದನ್ನ ಜೋಡಿಸಿದ್ರು. ಎದೆ ಬಡ್ಕೊಳ್ಳೋದೆಲ್ಲ ಕಿತ್ತು ಹಾಕಿದ್ರು.

ಗ್ಯಾಂಟ್‌ಗೆ ತೋರಿಸಿದಾಗ ಅವನು ಕರ್ಚೀಫು ತೆಗೆದ. "ಇದನ್ನ ನಾನು ಯಾವಾಗ ತೆಗೆದೆ?" ಅಂದ. ಮೂಗು ಒರೆಸ್ಕೊಂಡು, "ಎಷ್ಟು ಚೆನ್ನಾಗಿ ತೆಗೆದಿದ್ದೀನಿ!" ಅಂದ.

ಮಾರನೇ ದಿನ ಮಿಸ್ ಬ್ರೆಕ್ಕೆ ತಲೆ ಬಾಚ್ಕೊಂಡು, ಸೀಳಿದ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅವನು ರೂಮಿಗೆ ಬಂದಾಗ ಎದ್ದು ನಿಂತ್ರು. ನಮ್ಮೆಲ್ಲರ ಮುಂದೇನೇ ಕೇಳಿದ್ರು.

"ಮಿಸ್ಟರ್ ಗ್ಯಾಂಟ್, ಒಂದು ಕಾರ್ಡು ಬೇಕಿತ್ತು. ನನ್ನ ಹೆಸರಿಂದು. ಚಿಕ್ಕದಾದ್ರೂ ಪರವಾಗಿಲ್ಲ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಕ್ಕ.

"ಆಲ್ಮಾ, ನನ್ನ ಕೋಟಿಗೆ ಗುಂಡಿ ಹಾಕಿದ ಹೆಂಗಸಿನ ಹೆಸರು ಕೋಟಿನ ಮೇಲೆ ಇದೆಯಾ, ನೋಡಿ ಹೇಳು. ಹೆಂಗಸರು ಹೊಲೀತಾರೆ, ಕತ್ತರಿಸ್ತಾರೆ. ಮನೇಲೂ ಅದೇ ತಾನೆ ಮಾಡೋದು? ಅದಕ್ಕೆ ಹೆಸರು ಯಾಕೆ?"

ಅವನ ಹಿಂದೆ ಒಬ್ಬ ಬೆಳ್ಳಗಿನ ಆಸಾಮಿ ನಿಂತಿದ್ದ. ವಿಲ್ಬರ್ ಪೀಸ್ಲಿ, ಗ್ಯಾಂಟ್ ಹೆಂಡತಿ ತಮ್ಮ. ಚಪ್ಪಟೆ ಪಾದ ಅಂತ ಸೈನ್ಯದವರು ವಾಪಸ್ ಕಳಿಸಿದ್ರು. ಕೂತು ಮಾಡೋ ಕೆಲಸಕ್ಕೆ ಪಾದ ಯಾಕೆ ಬೇಕು ಅಂತ ನಮ್ಮ ತಲೆ ಮೇಲೆ ತಂದು ಕೂರಿಸಿದ್ರು.

"ಇನ್ಮೇಲೆ ರೂಮಿಗೆ ಇವನೇ ಯಜಮಾನ," ಗ್ಯಾಂಟ್ ಹೇಳಿದ. "ನೀನು ಕಲಿಸ್ಕೊಡು. ಕಾರ್ಡು ಆಗಲೇ ಬರೆಯೋಕೆ ಕೊಟ್ಟಿದ್ದೀನಿ. ಸಂಕಲನ: ವಿಲ್ಬರ್ ಪೀಸ್ಲಿ."

ವಿಲ್ಬರ್ ಖುಷಿಯಲ್ಲಿ ಸಿಗಾರ್ ಬಾಯಿಗಿಟ್ಟು ಬೆಂಕಿಕಡ್ಡಿ ಗೀರಿದ. ಆ ರೂಮಲ್ಲಿ! ನಮ್ಮ ಫಿಲ್ಮು ಸೀಮೆಎಣ್ಣೆಗಿಂತ ಜೋರಾಗಿ ಹತ್ಕೊಳ್ಳುತ್ತೆ. ಆರು ಹೆಂಗಸರು, ಒಂದೇ ಬಾಗಿಲು, ಬಾಗಿಲಲ್ಲಿ ಅವನೇ ನಿಂತಿದ್ದಾನೆ. ಮಿಸ್ ಬ್ರೆಕ್ಕೆ ಉರೀತಿದ್ದ ಕಡ್ಡೀನ ಬರಿಗೈಯಲ್ಲಿ ಹಿಡಿದು ಆರಿಸಿದ್ರು.

"ಇದು ಮೊದಲನೇ ಪಾಠ," ಅಂದ್ರು.

ಎರಡನೇ ಪಾಠ ತುಟಿದು. "ಎಂಜಲು ಮಾಡೋದಾ? ಛೀ," ಅಂದ ವಿಲ್ಬರ್. ಅಲ್ಲಿಗೆ ಪಾಠ ಮುಗೀತು.

ಸಂಜೆ ಕೈ ತೊಳೆಯುವಾಗ ಮಿಸ್ ಬ್ರೆಕ್ಕೆ ಹತ್ರ ಹೋದೆ. ಸುಟ್ಟ ಬೆರಳನ್ನ ನೀರಲ್ಲಿ ಇಟ್ಕೊಂಡು ನಿಂತಿದ್ರು. "ಶನಿವಾರ ಗ್ಲೆಂಡೇಲ್ ಊರಲ್ಲಿ ಸಿನಿಮಾನ ಜನಕ್ಕೆ ತೋರಿಸಿ ನೋಡ್ತಾರಲ್ಲ, ನೀವು ಬನ್ನಿ," ಅಂದೆ. "ಒಳ್ಳೇ ಟೋಪಿ ಹಾಕ್ಕೊಂಡು ಬನ್ನಿ. 'ಸತ್ಯವು ಕಾರ್ಮುಗಿಲನ್ನು ಸೀಳಿ ಬರಲಿದೆ!'"

"ಕಾರ್ಡು ಹೊಡೀಬೇಡ ಕೂಕಾ. ನೆಟ್ಟಗೆ ಹೇಳು."

"ನಿಮ್ಮ ಹೆಸರು ಬರುತ್ತೆ. ಅಮ್ಮನಾಣೆ."

"ತಮಾಷೇನಾ?"

"ತಮಾಷೆ ಅಲ್ಲ."

ಅವರು ಬೆರಳನ್ನ ನೀರಿಂದ ಎತ್ತಿದ್ರು. "ಒಂದೇ ಒಂದು ಸಲ ನೋಡ್ಬೇಕು ಅಷ್ಟೇ," ಅಂದ್ರು. "ಆಮೇಲೆ ಕಿತ್ತು ಹಾಕ್ಲಿ."

ಕಾರ್ಡು ಬರೆಯೋ ಮುದುಕ ನನ್ನ ದೋಸ್ತು. ಹೂ ಬಳ್ಳಿ ಎಲ್ಲ ಬಿಡಿಸಿ ಬರೆದು ಕೊಟ್ಟ. ಸಂಕಲನ: ಆಲ್ಮಾ ಬ್ರೆಕ್ಕೆ. ನಾಲ್ಕಡಿ ಫಿಲ್ಮು. ಪರದೆ ಮೇಲೆ ನಾಲ್ಕು ಸೆಕೆಂಡು. ಶನಿವಾರ ಮಧ್ಯಾಹ್ನ, ಡಬ್ಬಿ ಕಾರಿಗೆ ಹೋಗೋಕೆ ಹತ್ತು ನಿಮಿಷ ಮುಂಚೆ, ವಿಲ್ಬರ್ ಕಾರ್ಡು ಕಿತ್ತು ಇದನ್ನ ಅಂಟಿಸಿದೆ. ಶನಿವಾರ ಅರ್ಧ ದಿನ ಕೆಲಸ, ಮಿಕ್ಕವರು ಹೊರಟಿದ್ರು, ರೂಮಲ್ಲಿ ನಾನೊಬ್ಳೇ.

ಸಂಜೆ ನಾಲ್ಕರ ಆಟ. ಥಿಯೇಟರು ತುಂಬಿತ್ತು. ನಾವು ಐದು ಜನ ಬಾಲ್ಕನೀಲಿ. ಕೆಳಗೆ ಮೂರನೇ ಸಾಲಲ್ಲಿ ಮಿಸ್ ಬ್ರೆಕ್ಕೆ. ನೀಲಿ ಟೋಪಿ, ಬಿಳಿ ಗರಿ. ದೀಪ ಆರಿದಾಗ ಟೋಪಿ ತೆಗೆದು ಮಡಿಲಲ್ಲಿ ಇಟ್ಕೊಂಡ್ರು. ಸಿನಿಮಾ ಹೆಸರು ಬಂತು. ಗ್ಯಾಂಟ್ ಹೆಸರು ಬಂತು, ದೊಡ್ಡದಾಗಿ. ಆಮೇಲೆ ಅದು ಬಂತು.

ಉಲ್ಟಾ ಬಂತು.

ಕನ್ನಡೀಲಿ ಕಂಡ ಹಾಗೆ. ಎಲ್ಲ ಅಕ್ಷರವೂ ಬೆನ್ನು ತಿರುಗಿಸಿ ನಿಂತಿತ್ತು.

ಖಾರ ಕಣ್ರೀ, ಖಾರ! ಅವತ್ತು ಕಾನೂನು ಮುರಿದು ಅಮ್ಮನ ಖಾರ ತಿಂದಿದ್ದೆ. ತುಟಿ ಸತ್ತಿತ್ತು. ಯಾವ ಕಡೆ ಅಂಟ್ತು ಅಂತ ತಿಳೀಲಿಲ್ಲ. ಕೈ ತಪ್ಪಿ ಕಾರ್ಡು ಹಿಂದುಮುಂದಾಗಿ ಅಂಟ್ತು. ಎಲ್ಲರಿಗೂ ಹೀಗೇ ಹೇಳಿದ್ದೀನಿ.

ಯಾವನೋ ಕೂಗಿದ, "ಏನ್ ಭಾಷೆನಯ್ಯಾ ಅದು, ರಷ್ಯಾದ್ದಾ?" ಇನ್ನೊಬ್ಬ, "ಎಲ್ರೂ ಎದ್ದು ತಲೆ ಕೆಳಗೆ ಮಾಡಿ ನಿಲ್ರಪ್ಪಾ!" ಅಂದ. ಥಿಯೇಟರೆಲ್ಲ ನಗು. ಎಂಟುನೂರು ಜನ. ಯಾರಿಗೂ ಓದೋಕೆ ಆಗಲಿಲ್ಲ.

ನಮಗೆ ಆಯ್ತು. ಇಡೀ ದಿನ ಫಿಲ್ಮನ್ನ ಹಿಂದೆ ಮುಂದೆ ನೋಡೋರು ನಾವು. ನಮಗೆ ಉಲ್ಟಾ ಅಕ್ಷರ ನೆಟ್ಟಗಿನ ಅಕ್ಷರದಷ್ಟೇ ಸಲೀಸು. ಬಾಲ್ಕನೀಲಿ ಮಿಸೆಸ್ ಡೂಲಿ ಬಾಯಿ ಮೇಲೆ ಕೈ ಇಟ್ಕೊಂಡ್ಲು. ಕೆಳಗೆ ಮೂರನೇ ಸಾಲಲ್ಲಿ ಒಂದು ತಲೆ ಮಾತ್ರ ನಗಲಿಲ್ಲ. ಅವರು ಓದಿದ್ರು. ಓದಿ, ಟೋಪಿ ತಲೆಗಿಟ್ಟು ಪಿನ್ನು ಚುಚ್ಕೊಂಡ್ರು. ಆಟ ಮುಗಿಯೋವರೆಗೂ ಹಾಗೇ ಕೂತಿದ್ರು. ಹಿಂದಿನವನು "ಟೋಪಿ, ಟೋಪಿ" ಅಂತ ಬಯ್ದ. ತೆಗೀಲಿಲ್ಲ.

ಮುಳ್ಳು ಕೀಳೋ ದೃಶ್ಯಕ್ಕೆ ಥಿಯೇಟರಲ್ಲಿ ಮೂಗು ಸೀಟೋ ಸದ್ದು. ಅದೇ ಎಂಟುನೂರು ಜನ.

ಸೋಮವಾರ ಗ್ಯಾಂಟ್ ಬಂದ. ವಿಲ್ಬರ್ ಹಿಂದೆ ನಿಂತ.

"ಯಾರು ಮಾಡಿದ್ದು?"

ಎಲ್ಲರ ಕಣ್ಣೂ ನನ್ನ ಮೇಲೆ. ಗ್ಯಾಂಟ್ ಕಣ್ಣೂ. ನಾನು ಬಾಯಿ ತೆರೆದೆ. ಹತ್ತಡಿ ಬಾಯಿ. ಅದರಿಂದ ಒಂದು ಕಾರ್ಡೂ ಬರಲಿಲ್ಲ.

"ನಾನೇ," ಅಂದ್ರು ಮಿಸ್ ಬ್ರೆಕ್ಕೆ.

"ನೀನಾ?" ಗ್ಯಾಂಟ್ ತಲೆ ಹಿಂದಕ್ಕೆ ಹಾಕಿ ನಕ್ಕ. "ಹನ್ನೊಂದು ವರ್ಷ ಆಯ್ತು, ತನ್ನ ಹೆಸರನ್ನೇ ನೆಟ್ಟಗೆ ಅಂಟಿಸೋಕೆ ಬರಲ್ಲ! ಕೇಳ್ದೇನೋ ವಿಲ್ಬರ್? ಇವಳಿಗೆ ಕಾರ್ಡು ಬೇಕಂತೆ!"

ವಿಲ್ಬರ್ ನಕ್ಕ. ಬಾಗಿಲ ಹೊರಗಿದ್ದ ಕುದುರೆ ಸವಾರರೂ ನಕ್ರು. ಊರಲ್ಲೇ ಇಂಥ ಕೈ ಇನ್ನೊಂದಿಲ್ಲ. ಆ ಕೈಗೆ ನಕ್ರು. ಮಿಸ್ ಬ್ರೆಕ್ಕೆ ನನ್ನ ಕಡೆ ತಿರುಗಲೂ ಇಲ್ಲ.

"ಆಯ್ತು, ಕ್ಷಮಿಸಿದ್ದೀನಿ," ಗ್ಯಾಂಟ್ ಅಂದ. "ಜನ ಅತ್ತಿದ್ದಾರೆ. ಸಿನಿಮಾ ಗೆಲ್ಲುತ್ತೆ. ಇವತ್ತಿಂದ ನೆಗೆಟಿವ್ ಶುರು ಮಾಡು. ವಿಲ್ಬರ್ ಪಕ್ಕದಲ್ಲಿ ಕೂತು ನೋಡ್ತಾನೆ."

ನೆಗೆಟಿವ್ ಅಂದ್ರೆ ಮೂಲ. ನಾವು ಕೆರೆಯೋದು ಹರಿಯೋದು ಎಲ್ಲ ಪ್ರಿಂಟಲ್ಲಿ, ಅಂದ್ರೆ ಅದರ ನಕಲಲ್ಲಿ. ಕೊನೆಗೆ ಅದನ್ನ ನೋಡ್ಕೊಂಡು ಮೂಲವನ್ನೂ ಹಾಗೇ ಕತ್ತರಿಸಿ ಕೂಡಿಸ್ಬೇಕು. ಅದರ ಮೇಲೆ ನಂಬರಿಲ್ಲ, ಗುರುತಿಲ್ಲ. ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ, ಎಲ್ಲ ಮುಖವೂ ದೆವ್ವ. ವಿಧವೆ ಹನ್ನೊಂದು ಸಲ ಬಾಗಿಲು ತೆಗೆದಿದ್ದಾಳೆ, ಇದು ಎಷ್ಟನೇ ಸಲದ್ದು? ಬೆರಳು ಎಲ್ಲಿದೆ, ರೆಪ್ಪೆ ಎಲ್ಲಿದೆ ನೋಡಿ ಹುಡುಕ್ಬೇಕು. ಆ ಲೆಕ್ಕ ಇರೋದು ಒಂದೇ ಕಡೆ, ಅದನ್ನ ಕತ್ತರಿಸಿದವರ ತಲೇಲಿ.

ಮಿಸ್ ಬ್ರೆಕ್ಕೆ ಫಿಲ್ಮು ಮುಟ್ಟೋಕೆ ಹಾಕೋ ಬಿಳಿ ಕೈಗವಸು ಬಿಚ್ಚಿದ್ರು. ಒಂದರ ಮೇಲೊಂದು ಇಟ್ರು.

"ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ಸಂಕಲನ ಮಾಡಿದೋನು ಇವನು ತಾನೆ? ಇವನೇ ಮಾಡ್ಲಿ."

"ಆಲ್ಮಾ, ಸಾವಿರಾರು ತುಂಡು ಇದೆ!"

"ಮೂರು ಸಾವಿರದ ಮುನ್ನೂರು. ನನಗೆ ಗೊತ್ತು. ಇವನಿಗೆ ಗೊತ್ತಾಗ್ಲಿ."

"ಈ ಬಾಗಿಲು ದಾಟಿದ್ರೆ ಈ ಊರಲ್ಲಿ ಯಾವ ಸ್ಟುಡಿಯೋನೂ ನಿನ್ನ ಒಳಗೆ ಬಿಡಲ್ಲ."

"ಬಾಗಿಲಿಗೆ ಅಡ್ಡ ನಿಂತಿರೋದು ನೀವು. ಸರೀರಿ."

ಅವನು ಸರಿದ. ನಿಜವಾಗ್ಲೂ ಸರಿದ! ಅವರು ತಮ್ಮ ಕತ್ತರಿ ಒಂದನ್ನ ಬ್ಯಾಗಿಗೆ ಹಾಕ್ಕೊಂಡು ಅಂಗಳ ದಾಟಿ ಹೋದ್ರು. ಶಿಳ್ಳೆ ಬಂತು. ತಿರುಗಿ ನೋಡಲಿಲ್ಲ.

ಈ ಕಥೇನ ನಾನು ನಮ್ಮ ಬೀದೀಲಿ ಹೇಳುವಾಗ ಇಲ್ಲಿಗೆ ಇನ್ನೊಂದು ಸೇರಿಸ್ತೀನಿ. ನಾನೂ ಸ್ಟೂಲು ಒದ್ದು ಅವರ ಹಿಂದೆ ಹೊರಟೆ ಅಂತ. ಚೆನ್ನಾಗಿರುತ್ತೆ. ಹುಡುಗಿಯರು ಚಪ್ಪಾಳೆ ತಟ್ತಾರೆ.

ಹೊರಡಲಿಲ್ಲ ನಾನು.

ವಿಲ್ಬರ್ ಒಂಬತ್ತು ದಿನ ಒದ್ದಾಡಿದ. ವಿಧವೆ ಮೂರನೇ ಸಲ ತೆಗೆದ ಬಾಗಿಲಿಗೆ ಏಳನೇ ಸಲದ ಕೈ ಜೋಡಿಸಿದ. ಗ್ಯಾಂಟ್ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಇನ್ನೊಂದು ವಾರ ಹೀಗೇ ಹೋಗಿದ್ರೆ ಅವರ ಮನೆ ಬಾಗಿಲಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡ್ಕೊಂಡು ಕರೀತಿದ್ದ. ಕಾರ್ಡೂ ಕೊಡ್ತಿದ್ದ. ನಮ್ಮೆಲ್ಲರಿಗೂ ಅದು ಗೊತ್ತಿತ್ತು. ನಾವು ಮಾಡ್ಬೇಕಾಗಿದ್ದು ಒಂದೇ, ಸುಮ್ನೆ ಕೂರೋದು. ಹತ್ತನೇ ದಿನ ಅವನು ಬಂದು, "ಅವಳ ಪಕ್ಕ ಕೂತು ಕಲಿತೋರು ಯಾರಾದ್ರೂ ಇದ್ದೀರಾ?" ಅಂದ. ಮಿಸೆಸ್ ಡೂಲಿ ಕಿಟಕಿ ನೋಡಿದ್ಲು. ಮಿಕ್ಕವರು ಮೇಜು ನೋಡಿದ್ರು. "ಮಾಡಿದೋರಿಗೆ ಅವಳ ಕುರ್ಚಿ," ಅಂದ.

ನಾನು ಕೈ ಎತ್ತಿದೆ.

ಹತ್ತೊಂಬತ್ತು ದಿನ. ಅವರ ತಲೇಲಿ ಇದ್ದಿದ್ದು ಅಷ್ಟಿಷ್ಟು ನನ್ನ ತಲೇಲೂ ಇತ್ತು. ಅವರೇ ಕೊಟ್ಟಿದ್ದು. ಮೂರು ಸಾವಿರದ ಮುನ್ನೂರು ತುಂಡೂ ಸೇರಿಸಿದೆ. ವಿಲ್ಬರ್ ಕಾರ್ಡು ನೆಟ್ಟಗೆ ಅಂಟಿಸಿದೆ. ಮಿಸೆಸ್ ಡೂಲಿ ಅವತ್ತಿಂದ ನನ್ನ ಹತ್ರ ಮಾತು ಬಿಟ್ಳು. ಬಿಡೋಕೆ ಮುಂಚೆ ಒಂದೇ ಮಾತು ಹೇಳಿದ್ಲು: "ಕೋತಿ ಅಂದ್ರೆ ನಗ್ತಿದ್ದೆಯಲ್ಲ, ಈಗ ಗೊತ್ತಾಯ್ತು ಯಾಕೆ ಅಂತ."

ಅಕ್ಟೋಬರಲ್ಲಿ ಮಿಸ್ ಬ್ರೆಕ್ಕೆನ ಹುಡುಕ್ಕೊಂಡು ಹೋದೆ. ಪೊಮೋನ ಅನ್ನೋ ಊರ ಹತ್ರ ಕಿತ್ತಳೆ ಹಣ್ಣು ಕಟ್ಟೋ ಶೆಡ್ಡಲ್ಲಿ ಇದ್ರು. ಹೆಂಗಸರ ಸಾಲು, ಎಲ್ಲ ನಿಂತೇ. ಹಣ್ಣು ಉರುಳಿ ಬರುತ್ತೆ, ತೆಳು ಕಾಗದ ಸುತ್ತಿ ಪೆಟ್ಟಿಗೇಲಿಡ್ಬೇಕು. ಅಲ್ಲೂ ಅವರ ಕೈಯೇ ಎಲ್ಲರಿಗಿಂತ ಜೋರು. ಬೆರಳಿನ ಸೀಳು ವಾಸಿಯಾಗಿತ್ತು. ತುಟಿ ಕೂಡ.

"ಕುರ್ಚಿ ಹೇಗಿದೆ?" ಅಂದ್ರು. ನಿಲ್ಸದೇನೇ.

"ಮಿಸ್ ಬ್ರೆಕ್ಕೆ, ಅವತ್ತು ಅಮ್ಮನ ಖಾರ ತಿಂದಿದ್ದೆ. ಅದಕ್ಕೇ ಹಾಗಾಯ್ತು. ತುಟಿಗೆ ತಿಳೀಲೇ ಇಲ್ಲ."

ಅವರು ಮೂರು ಹಣ್ಣು ಕಟ್ಟಿದ್ರು.

"ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಆ ಜೋಡಣೆ ನೋಡಿದ್ದೆ," ಅಂದ್ರು. "ತಪ್ಪಿ ಅಂಟಿಸಿದ್ದು ಮೆಷಿನ್ನಲ್ಲಿ ನಿಲ್ಲಲ್ಲ. ನಿನ್ನದು ಗಟ್ಟಿಯಾಗಿತ್ತು ಕೂಕಾ. ಲೇಪ ಯಾವ ಕಡೆ ಅಂತ ತಿಳಿದೇ ಎರಡು ಪಟ್ಟೀನೂ ಚೆನ್ನಾಗಿ ಕೆರೆದಿದ್ದೆ ನೀನು."

"ಖಾರ..."

"ಸರಿ. ಖಾರ." ಕಾಗದ ಸುತ್ತಿದ್ರು. "ಹಿಂದೆ ನಿಂತ್ಕೋ, ಹಣ್ಣು ಬರ್ತಿದೆ."

ವಾಪಸ್ ಬಂದೆ. ಟ್ರಾಮಲ್ಲಿ ಒಬ್ಳು ಹುಡುಗಿಗೆ ಎಂಟುನೂರು ಜನರ ಕಥೆ ಹೇಳ್ದೆ. ಅವಳು ಬಾಯಿ ಬಿಟ್ಕೊಂಡು ಕೇಳಿದ್ಲು. ನಿಮಗೂ ಹಾಗೇ ಶುರು ಮಾಡಿದೆ.

ಅವತ್ತು ನಾನು ಊಟಾನೇ ಮಾಡಿರ್ಲಿಲ್ಲ ಕಣ್ರೀ. ಹೆದರಿ ಡಬ್ಬಿ ಮುಚ್ಚಳಾನೂ ತೆಗೆದಿರ್ಲಿಲ್ಲ. ನೆಟ್ಟಗೆ ಅಂಟಿಸಿದ್ರೆ ಅದು ಬಂಡಾಯ. ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ. ಉಲ್ಟಾ ಅಂಟಿಸಿದ್ರೆ ಅದು ಕೋತಿ ಚೇಷ್ಟೆ. ಗ್ಯಾಂಟ್ ನಗ್ತಾನೆ, ಬಿಡ್ತಾನೆ. ಕಾರ್ಡಿನ ತುದೀನ ತುಟಿ ಮಧ್ಯ ಇಟ್ಟೆ. ಒಂದು ಕಡೆ ಅಂಟ್ತು. ಚೆನ್ನಾಗಿ ಅಂಟ್ತು. ಬಿಡಿಸಿದಾಗ ತುಟಿ ಚರ್ಮ ಬಂತು.

ಯಾವ ಕಡೆ ಅಂತ ಗೊತ್ತಾಯ್ತು. ತಿರುಗಿಸಿ ಅಂಟಿಸಿದೆ.